ಗಂಟಲಿನಿಂದ ಶ್ವಾಸಕೋಶದ ಆಳಕ್ಕೆ: ತೀವ್ರ ಇನ್‌ಫ್ಲುಯೆಂಜಾ ಪತ್ತೆ ಮತ್ತು ಚಿಕಿತ್ಸೆಯ ಚರಿತ್ರೆ

1918ರ ಇನ್‌ಫ್ಲುಯೆಂಜಾ ವಾರ್ಡುಗಳ ವರದಿಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಒಂದು ಬಣ್ಣ: ತುಟಿ, ಕೆನ್ನೆ, ಕಿವಿಗಳಿಗೆ ಏರುತ್ತಿದ್ದ ನೇರಳೆ ನೀಲಿ. ಅದು ಮುಖವನ್ನೆಲ್ಲ ಆವರಿಸಿದರೆ ರೋಗಿ ಉಳಿಯುವುದು ಅಪರೂಪವೆಂದು ವೈದ್ಯರಿಗೆ ಗೊತ್ತಿತ್ತು. ಲಕ್ಷಣ ಕಣ್ಣೆದುರಿಗಿತ್ತು, ರೋಗಾಣು ಮಾತ್ರ ಸಿಕ್ಕಿರಲಿಲ್ಲ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಗುರುತಿಸಿದ ಬ್ಯಾಕ್ಟೀರಿಯವೇ ಕಾರಣವೆಂದು ಬಹಳ ಮಂದಿ ನಂಬಿದ್ದರು.

1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ರೋಗಿಗಳ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯ ದಾಟದಂತೆ ಸೋಸಿ, ಮುಂಗುಸಿಯನ್ನು ಹೋಲುವ ಫೆರೆಟ್‌ಗಳ ಮೂಗಿಗೆ ಬಿಟ್ಟರು. ಅವುಗಳಿಗೆ ಜ್ವರ ಬಂತು, ಮೂಗು ಸೋರಿತು. ವೈರಸ್ ಇರುವುದು ಖಚಿತವಾಯಿತು. ಅಂದಿನಿಂದ ಇನ್‌ಫ್ಲುಯೆಂಜಾ ಎಂದರೆ ಮೂಗು, ಗಂಟಲಲ್ಲಿ ಹುಡುಕುವುದು ರೂಢಿಯಾಯಿತು. ಈ ರೂಢಿಗೆ ಮುಂದೆ ಕೆಲವು ರೋಗಿಗಳು ಬೆಲೆ ತೆತ್ತರೆಂದೇ ನನ್ನ ಅನಿಸಿಕೆ.

ಉಸಿರಾಟಕ್ಕೆ ಆಸರೆ ಸಿಕ್ಕಿದ್ದು ಬೇರೊಂದು ರೋಗದ ದಾರಿಯಿಂದ. 1952ರ ಕೋಪನ್‌ಹೇಗನ್ ಪೋಲಿಯೊ ಹಾವಳಿಯಲ್ಲಿ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕೂತು, ರಬ್ಬರ್ ಚೀಲ ಹಿಸುಕಿ ರೋಗಿಗಳಿಗೆ ಗಾಳಿ ಕೊಟ್ಟರು. ತೀವ್ರ ನಿಗಾ ಘಟಕ (ಐಸಿಯು) ಹುಟ್ಟಿದ್ದು ಹೀಗೆ. ಗಾಳಿ ಕೊಡುವ ಯಂತ್ರಗಳು (ವೆಂಟಿಲೇಟರ್) ಬಂದ ಮೇಲೆ ಅವುಗಳ ಒತ್ತಡವೇ ಶ್ವಾಸಕೋಶವನ್ನು ಹರಿಯುತ್ತದೆಂಬ ಅರಿವು ಮೂಡಲು ದಶಕಗಳು ಹಿಡಿದವು. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಪ್ರತಿ ಉಸಿರಿನ ಗಾಳಿಯನ್ನು ದೇಹತೂಕದ ಕಿಲೋಗೆ 12 ಮಿಲಿಲೀಟರಿನಿಂದ 6ಕ್ಕೆ ಇಳಿಸಿದಾಗ ಸಾವು ಶೇ. 39.8ರಿಂದ 31ಕ್ಕೆ ಇಳಿಯಿತು. ರೋಗಿಯನ್ನು ದಿನಕ್ಕೆ 16 ಗಂಟೆಯಾದರೂ ಬೋರಲು ಮಲಗಿಸುವುದರ ಲಾಭ 2013ರಲ್ಲಿ ರುಜುವಾಯಿತು. ಹಾಗೆ ಮಲಗಿಸುವಾಗ ಒಬ್ಬರು ತಲೆಯ ಬಳಿ ನಿಂತು ಉಸಿರಿನ ಕೊಳವೆಯನ್ನೇ ಹಿಡಿದಿರಬೇಕು. ಅವರು ಎಣಿಸಿದ ಮೇಲೆಯೇ ಉಳಿದ ನಾಲ್ಕೈದು ಜನ ಒಟ್ಟಿಗೆ ಹೊರಳಿಸಬೇಕು.

2009ರ ಎಚ್‌1ಎನ್‌1, ನಮ್ಮವರ ಬಾಯಲ್ಲಿ ಹಂದಿಜ್ವರ, ಈ ಕೌಶಲಗಳನ್ನೆಲ್ಲ ಒರೆಗೆ ಹಚ್ಚಿತು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಒಂದೇ ಚಳಿಗಾಲದಲ್ಲಿ 722 ಮಂದಿ ಐಸಿಯು ಸೇರಿದರು, ಶೇ. 90ಕ್ಕೂ ಹೆಚ್ಚು ಜನ 65ರ ಒಳಗಿನವರು, 66 ಮಂದಿ ಗರ್ಭಿಣಿಯರು. ಆಗ ಎದ್ದು ಕಂಡ ಸಂಗತಿ: ಗಂಟಲ ಸ್ವಾಬ್ ನೆಗೆಟಿವ್ ಬಂದವರಲ್ಲೂ ಶ್ವಾಸನಾಳದಿಂದ ಹೀರಿ ತೆಗೆದ ದ್ರವದಲ್ಲಿ ವೈರಸ್ ಸಿಗುತ್ತಿತ್ತು. ಮೇಲೆ ಬತ್ತಿದ ವೈರಸ್ ಕೆಳಗೆ ಬೆಳೆಯುತ್ತಲೇ ಇತ್ತು. ಆದ್ದರಿಂದಲೇ ವರದಿಗೆ ಕಾಯದೆ ವೈರಸ್ ವಿರೋಧಿ ಔಷಧ ಒಸೆಲ್ಟಾಮಿವಿರ್ ಶುರುಮಾಡುವ ಕ್ರಮ ಬಲಗೊಂಡಿತು. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧವನ್ನು ಮೊದಲು ಪರೀಕ್ಷಿಸಿದ್ದು ಸೌಮ್ಯ ಜ್ವರದವರ ಮೇಲೆ. ವೆಂಟಿಲೇಟರ್ ರೋಗಿಗಳ ವಿಷಯದಲ್ಲಿ ಇರುವುದು ಹೆಚ್ಚಾಗಿ ವೀಕ್ಷಣೆಯ ಆಧಾರ. ತೀವ್ರ ರೋಗಿಗಳಿಗೆ ಇಮ್ಮಡಿ ಪ್ರಮಾಣ ಕೊಟ್ಟರೂ ಹೆಚ್ಚಿನ ಲಾಭವಿಲ್ಲವೆಂದು 2013ರ ಆಗ್ನೇಯ ಏಷ್ಯಾದ ಪ್ರಯೋಗ ತೋರಿಸಿತು. ಕೋವಿಡ್‌ನಲ್ಲಿ ಜೀವ ಉಳಿಸಿದ ಸ್ಟೀರಾಯ್ಡ್ ಇಲ್ಲಿಯೂ ನೆರವಾಗುತ್ತದೆಂದು ಎಣಿಸುವಂತಿಲ್ಲ: ಇನ್‌ಫ್ಲುಯೆಂಜಾದ ವೀಕ್ಷಣಾ ಅಧ್ಯಯನಗಳಲ್ಲಿ ಅದನ್ನು ಪಡೆದವರ ಸಾವೇ ಹೆಚ್ಚು.

2018ರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್‌ನ ಸಂಶೋಧಕರು ಐಸಿಯುಗಳ 432 ಇನ್‌ಫ್ಲುಯೆಂಜಾ ರೋಗಿಗಳ ದಾಖಲೆ ತೆರೆದಾಗ 83 ಮಂದಿಯ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರದ ಸೋಂಕು ಕಂಡಿತು. ರೋಗನಿರೋಧಕ ಶಕ್ತಿ ಸರಿಯಾಗಿದ್ದವರನ್ನೂ ಅದು ಬಿಟ್ಟಿರಲಿಲ್ಲ. ತೊಂಬತ್ತು ದಿನಗಳೊಳಗೆ ಶಿಲೀಂಧ್ರ ಸೋಂಕಿತರಲ್ಲಿ ಶೇ. 51, ಉಳಿದವರಲ್ಲಿ ಶೇ. 28 ಮಂದಿ ತೀರಿಕೊಂಡಿದ್ದರು. ಈಗ ಅನುಮಾನ ಬಂದ ಕೂಡಲೇ ಶ್ವಾಸನಾಳದೊಳಗೆ ನೋಡುವ ಕೊಳವೆಯಾದ ಬ್ರಾಂಕೋಸ್ಕೋಪ್ ಇಳಿಸಿ, ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು, ಅದನ್ನೇ ಮರಳಿ ಹೀರಿ ಪರೀಕ್ಷೆಗೆ ಕಳಿಸುತ್ತಾರೆ.