ಹತ್ತು ಅಡಿ ಎತ್ತರದ ಬುಟ್ಟಿ

ಎಂಟನೇ ತರಗತಿಯಲ್ಲಿ ದೈಹಿಕ ಶಿಕ್ಷಣದ ಪರೀಕ್ಷೆಗೆಂದು ನಾವು ಬಾಸ್ಕೆಟ್‌ಬಾಲ್ ನಿಯಮಗಳನ್ನು ಬಾಯಿಪಾಠ ಮಾಡಿದ್ದೆವು. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಆಡುವವರು ತಂಡಕ್ಕೆ ಐವರು. ರಿಂಗು ನೆಲದಿಂದ 3.05 ಮೀಟರ್ ಎತ್ತರ. ಆದರೆ ಆಟವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಹುಮನಾಬಾದ-ಬಸವಕಲ್ಯಾಣ ರಸ್ತೆಯ ನಮ್ಮಂಥ ಊರುಗಳಲ್ಲಿ ಆಟವೆಂದರೆ ಕಬಡ್ಡಿ, ಖೋಖೋ, ವಾಲಿಬಾಲ್, ಜಾತ್ರೆಗೆ ಕುಸ್ತಿ. 3.05 ಎಂಬ ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಬೇಕೆಂದೂ ನಮಗೆ ಹೊಳೆಯಲಿಲ್ಲ. ಮುಂದೆ ಕಲಬುರಗಿಯಲ್ಲಿ ಬಿ.ಇ. ಓದುವಾಗ ಆಟ ಕಲಿತೆ; ಆಮೇಲೆ ಅದರ ಇತಿಹಾಸ ಹುಡುಕಿ ಓದಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ಬರೆಯಲು ಒಂದು ಕಾರಣವಿದೆ, ಕೊನೆಗೆ ಹೇಳುತ್ತೇನೆ.

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಹೊರಗೆ ಕೊರೆಯುವ ಚಳಿ. ಒಳಗೆ ದಿನವೂ ಅದೇ ಕಸರತ್ತು ಮಾಡಿ ಬೇಸತ್ತ 18 ಯುವಕರು. ಅವರಿಗೆ ಹೊಸ ಆಟವೊಂದನ್ನು ಕಟ್ಟಿಕೊಡಲು ಜೇಮ್ಸ್ ನೈಸ್ಮಿತ್ ಎಂಬ ಮಾಸ್ತರರಿಗೆ ಸಿಕ್ಕಿದ್ದು 14 ದಿನಗಳ ಗಡುವು.

ಅವರು ಯೋಚಿಸಿದ ರೀತಿ ನನಗೆ ಬಹಳ ಹಿಡಿಸಿತು. ಆಟದಲ್ಲಿ ಪೆಟ್ಟು ಬೀಳುವುದು ಯಾವಾಗ? ಚೆಂಡು ಹಿಡಿದು ಓಡುವವನನ್ನು ಕೆಡವಲು ಹೋದಾಗ. ಹಾಗಾದರೆ ಚೆಂಡು ಹಿಡಿದು ಓಡುವುದೇ ಬೇಡ. ಗುರಿ ನೆಲದ ಮೇಲಿದ್ದರೆ ಬಲವಾಗಿ ಬೀಸುತ್ತಾರೆ. ಅದನ್ನು ತಲೆಯ ಮೇಲಕ್ಕೆ ಏರಿಸಿದರೆ ಮೆಲ್ಲಗೆ, ಕಮಾನಿನಂತೆ ಎಸೆಯಲೇಬೇಕು. ಕೆನಡಾದಲ್ಲಿ ಅವರು ಬಾಲ್ಯದಲ್ಲಿ ಆಡಿದ್ದ ಕಲ್ಲಿನ ಆಟವೊಂದರಿಂದ ಈ ಉಪಾಯ ಹೊಳೆದದ್ದು. ನಮ್ಮ ಲಗೋರಿಯಂತೆ ಅಲ್ಲೂ ಕಲ್ಲಿಗೆ ಗುರಿಯಿಟ್ಟು ಎಸೆಯುವುದೇ ಆಟ. ಶಾಲೆಯ ಜವಾನನ ಹತ್ತಿರ ಎರಡು ಪೆಟ್ಟಿಗೆ ಕೇಳಿದರಂತೆ; ಅವನ ಬಳಿ ಇದ್ದದ್ದು ಪೀಚ್ ಹಣ್ಣಿನ ಬುಟ್ಟಿಗಳು. ಅವನ್ನು ಮೇಲಿನ ಗ್ಯಾಲರಿಯ ಕಟಕಟೆಗೆ ಮೊಳೆ ಹೊಡೆದು ಕಟ್ಟಿದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ನಮ್ಮ 3.05 ಮೀಟರ್ ಅದೇ!

ನೈಸ್ಮಿತ್ ಬರೆದದ್ದು 13 ನಿಯಮ. ಆಗ ತಂಡಕ್ಕೆ ಒಂಬತ್ತು ಜನ, ಫುಟ್‌ಬಾಲ್ ಚೆಂಡು, ಬುಟ್ಟಿಗೆ ತಳ ಬೇರೆ. ಚೆಂಡು ಬಿದ್ದರೆ ಏಣಿ ಹತ್ತಿ ತೆಗೆಯಬೇಕು. ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು, ಹಾಗಾಗಿ ಏಣಿಗೆ ಹೆಚ್ಚು ಕೆಲಸವಿರಲಿಲ್ಲ!

ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವುದು, ಅಂದರೆ ಡ್ರಿಬಲ್, ಆ 13ರಲ್ಲಿ ಇರಲೇ ಇಲ್ಲ. ಎದುರಾಳಿಗಳು ಸುತ್ತುವರಿದಾಗ ಆಟಗಾರರೇ ಕಂಡುಕೊಂಡ ದಾರಿ ಅದು. ನಿಯಮ ಅದನ್ನು ಆಮೇಲೆ ಒಪ್ಪಿಕೊಂಡಿತು. ಈಗಲೂ ಪುಟಿಸುವುದನ್ನು ನಿಲ್ಲಿಸಿ ಚೆಂಡು ಹಿಡಿದರೆ ಮತ್ತೆ ಪುಟಿಸುವಂತಿಲ್ಲ. ಎಸೆಯಬೇಕು ಇಲ್ಲವೇ ಜೊತೆಯವರಿಗೆ ಕೊಡಬೇಕು. ಕಬಡ್ಡಿ ಆಡಿ ಬಂದ ಹುಡುಗರಿಗೆ ಮೊದಮೊದಲು ಕಷ್ಟವಾಗುವುದು ಇಲ್ಲೇ. ಬುಟ್ಟಿಗೆ 2 ಅಂಕ, ದೂರದ ಗೆರೆಯಾಚೆಯಿಂದ ಹಾಕಿದರೆ 3, ಫ್ರೀ ಥ್ರೋಗೆ 1. ಐದು ಫೌಲ್ ಆದವರು ಹೊರಗೆ.

24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕೆಂಬ ನಿಯಮದ ಹಿಂದೆ ಒಂದು ಲೆಕ್ಕವಿದೆ. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಮುಂದಿರುವ ತಂಡ ಚೆಂಡು ಇಟ್ಟುಕೊಂಡು ಕಾಲ ಕಳೆಯುತ್ತಿತ್ತು, ಪ್ರೇಕ್ಷಕರಿಗೆ ಆಕಳಿಕೆ. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ. 48 ನಿಮಿಷವೆಂದರೆ 2,880 ಸೆಕೆಂಡು. 120ರಿಂದ ಭಾಗಿಸಿದರೆ 24. 1954ರಲ್ಲಿ ಅದು ಜಾರಿಗೆ ಬಂತು.

ಎಲ್ಲ ನಿಯಮಗಳೂ ಇಷ್ಟು ಸರಿಯಾಗಿರಲಿಲ್ಲ. 1892ರಲ್ಲಿ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್‌ಸನ್ ಹೆಣ್ಣುಮಕ್ಕಳಿಗೆ ಈ ಆಟ ಕಲಿಸಿದರು. ಅದು ದೊಡ್ಡ ಕೆಲಸವೇ. ಆದರೆ ಹುಡುಗಿಯರು ದಣಿದಾರು ಎಂದು ಅಂಕಣವನ್ನು ಮೂರು ಭಾಗ ಮಾಡಿ, ಗೆರೆ ದಾಟದಂತೆ ನಿಲ್ಲಿಸಿದ್ದರು. ಆ ಗೆರೆಗಳು ಪೂರ್ತಿ ಅಳಿಯಲು ಹಲವು ದಶಕ ಬೇಕಾದವು. ಒಲಿಂಪಿಕ್ಸ್‌ನಲ್ಲಿ ಪುರುಷರ ಬಾಸ್ಕೆಟ್‌ಬಾಲ್ 1936ರಲ್ಲೇ ಬಂದರೆ ಮಹಿಳೆಯರದು ಬಂದದ್ದು 1976ರಲ್ಲಿ.

ಈಗ ಕಾರಣಕ್ಕೆ ಬರುತ್ತೇನೆ. ಮಹೋತ್ಸವದ ನೆನಪಿಗೆ ಶಾಲೆಗೆ ಸ್ವಾಗತ ಕಮಾನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಮನಸ್ಸು. ಕಮಾನಿನ ಮೇಲೆ ದಾನಿಗಳ ಹೆಸರು ಬರುತ್ತದೆ, ನಿಜ. ಆದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ ಮೂವರು ಆಡುವ ಬಾಸ್ಕೆಟ್‌ಬಾಲ್ ಸೇರಿದೆ. ಅದಕ್ಕೆ ಒಂದೇ ರಿಂಗು ಸಾಕು, 15 ಮೀಟರ್ ಅಗಲ, 11 ಮೀಟರ್ ಉದ್ದದ ಜಾಗ ಸಾಕು. ಖೋಖೋ ಕಂಬ ಕೀಳಬೇಕಿಲ್ಲ. ಗೋಡೆಯ ಕಡೆ ಅಷ್ಟು ಜಾಗ ಖಾಲಿಯೇ ಇದೆ. ಸಂಜೆ ಅರ್ಧ ಸಮಯ ಹುಡುಗಿಯರಿಗೆ ಬಿಡಬೇಕು. ನನ್ನ ಪಾಲಿನ ಹಣ ರಿಂಗಿಗೇ ಎಂದು ಸಮಿತಿಯ ಹಿರಿಯರಿಗೆ ತಿಳಿಸಿದ್ದೇನೆ. ಕಂಬ ನೆಡಿಸುವಾಗ 3.05 ಮೀಟರನ್ನು ರಿಂಗಿನ ಮೇಲಂಚಿಗೆ ಅಳೆಯಬೇಕು, ಹಲಗೆಯ ಕೆಳಗಿನ ಅಂಚಿಗಲ್ಲ.