ಅರಸನ ಮಗ ಯಾರ ಮನೆಯವನು?

ಊರಿನಿಂದ ನೆಂಟರು ಬಂದರೆ ಕೊಚ್ಚಿಯ ಕನ್ನಡಿಗರಾದ ನಾವು ಅವರನ್ನು ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸಿಗೆ ಕರೆದೊಯ್ಯುವುದು ವಾಡಿಕೆ. 1865ರಲ್ಲಿ ಕಟ್ಟಿದ ಆ ಅರಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿನ ಕಿರೀಟವನ್ನು ನೋಡಿದವರು ಚಿನ್ನವೆಷ್ಟೆಂದು ಕೇಳುತ್ತಾರೆ. ಆ ಕಿರೀಟದ ಮೇಲೆ ಅರಸನ ಮಗನಿಗೆ ಹಕ್ಕೇ ಇರಲಿಲ್ಲವೆಂದರೆ ನಂಬುವುದಿಲ್ಲ.

ಪಟ್ಟವು ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು. ಅರಸನ ಮಕ್ಕಳು ತಮ್ಮ ತಾಯಿಯ ತರವಾಡಿನವರು. ಅರಸುಮನೆತನದ ಹೆಣ್ಣುಮಕ್ಕಳ ಗಂಡಂದಿರು ನಂಬೂದಿರಿಗಳು, ಆದರೆ ಮಕ್ಕಳು ಅರಮನೆಯವರು. ನಾಯರರಲ್ಲಿಯೂ ಇದೇ ಮರುಮಕ್ಕತ್ತಾಯ. ದಕ್ಷಿಣ ಕನ್ನಡದ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಅಳಿಯಸಂತಾನ ಇದರ ಒಡಹುಟ್ಟು.

ಗಂಡು ಪುಡವೆ ಕೊಟ್ಟರೆ 'ಸಂಬಂಧ' ಆಯಿತು. ಮನಸ್ಸು ಮುರಿದರೆ ಅದು ಮುಗಿಯಿತು. ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ನಿನ್ನೆ ಮಲಗಿದ ಮನೆಯಲ್ಲೇ ಅದು ಇಂದೂ ಮಲಗುತ್ತಿತ್ತು, ಸಾಕುವ ಹೊಣೆ ಕಾರಣವರಾದ ಸೋದರಮಾವನದು. ಕೇಳಲು ಹಿತವಾಗಿದೆ. ಆದರೆ ತಂದೆ ಅಲ್ಲಿ ಅತಿಥಿ ಮಾತ್ರ. ತಾಯಿಗೂ ಕಾರಣವರ ಮಾತನ್ನು ಮೀರುವಂತಿರಲಿಲ್ಲ. ಮಗುವಿನ ವಿಷಯದಲ್ಲಿ ಹೆತ್ತವರಿಬ್ಬರೂ ಕೂತು ಒಪ್ಪಂದಕ್ಕೆ ಬಂದದ್ದಲ್ಲ, ಮನೆಯೇ ತೀರ್ಮಾನಿಸಿದ್ದು.

1920ರ ಕೊಚ್ಚಿ ನಾಯರ್ ಕಾಯಿದೆ ಸಂಬಂಧವನ್ನು ಮದುವೆಯೆಂದು ಮಾನ್ಯ ಮಾಡಿತು. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯಿದೆ ತಂದೆಯನ್ನು ಮೊದಲ ಪಾಲಕನನ್ನಾಗಿಸಿ, ಐದು ತುಂಬದ ಮಗುವನ್ನು ಸಾಮಾನ್ಯವಾಗಿ ತಾಯಿಯ ಬಳಿ ಬಿಟ್ಟಿತು. ನೂರಾರು ವರ್ಷ ಅತಿಥಿಯಾಗಿದ್ದವನು ಕಾಗದದಲ್ಲಿ ಯಜಮಾನನಾದ! (ನಮೂನೆಗಳಲ್ಲಿ 'ತಂದೆ ಅಥವಾ ಪಾಲಕ' ಎಂಬ ಅಂಕಣವನ್ನು ತುಂಬಿಸಿಯೇ ಸವೆದ ಗುಮಾಸ್ತರು ನಾವು.) 'ತಂದೆಯ ನಂತರ ತಾಯಿ' ಎಂಬುದಕ್ಕೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1999ರಲ್ಲಿ.

1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದಾಯಿತು. ಅದೇ ವರ್ಷ ಪರಸ್ಪರ ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯಿದೆಗೆ ಸೇರಿತು. ತೀರ್ಮಾನಿಸುವ ಮನೆ ಹೋಯಿತು, ಒಪ್ಪಬೇಕಾದ ಇಬ್ಬರು ಉಳಿದರು.

ಒಪ್ಪದಿದ್ದರೆ ನ್ಯಾಯಾಲಯವೇ ಗತಿ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಒಬ್ಬ ಬಾಲಕನ ವರ್ಷವನ್ನೇ ಎರಡಾಗಿ ಹಂಚಿತು: ಜನವರಿಯಿಂದ ಜೂನ್ ತಂದೆಯೊಡನೆ, ಜುಲೈಯಿಂದ ಡಿಸೆಂಬರ್ ತಾಯಿಯೊಡನೆ. ಕಾನೂನು ಆಯೋಗವೂ 2015ರ ವರದಿಯಲ್ಲಿ ಜಂಟಿ ಪಾಲನೆಗೆ ಅವಕಾಶವಿರಲಿ ಎಂದಿತು. ಶಾಲೆಯ ವರ್ಷ ಜೂನ್‌ನಲ್ಲಿ ಆರಂಭವಾಗುವ ನಾಡಿನಲ್ಲಿ ಇಂಥ ಹಂಚಿಕೆ ಮಗುವಿಗೆ ಎಷ್ಟು ಹೊಂದೀತೆಂಬ ಸಂಶಯ ನಮಗಂತೂ ಇದೆ.

ನಮ್ಮ ಪರಿಚಯದ ದಂಪತಿಗಳು, ಆಕೆ ತ್ರಿಪ್ಪುಣಿತ್ತುರದವರು, ಆತ ಮೈಸೂರಿನ ಕಡೆಯವರು, ವಕೀಲರ ಮುಂದೆ ಕೂತು ಎಲ್ಲವನ್ನೂ ಬರೆದರು. ಓಣಂ ತಾಯಿಯೊಡನೆ, ದಸರಾ ತಂದೆಯೊಡನೆ; ಶುಲ್ಕ ಅರ್ಧರ್ಧ. ಹಣದ ಬಗ್ಗೆ ವಾದವೇ ಆಗಲಿಲ್ಲ. ಎರಡು ಗಂಟೆ ಹಿಡಿದದ್ದು, ಭಾನುವಾರ ಸಂಜೆ ಮಗಳನ್ನು ಯಾರು ತಂದು ಬಿಡಬೇಕು ಎಂಬ ಒಂದೇ ಸಾಲು.