ಸಾಸಿವೆ ಗಾತ್ರದ ಪ್ಲಾಸ್ಟಿಕ್ ಭಾಗ: ಗುಣಮಟ್ಟ ಕಾಯುವುದು ಹೇಗೆ?

ಕೈಗಡಿಯಾರದ ಹಲ್ಲುಚಕ್ರ, ಕಿವಿಗೆ ಹಾಕುವ ಶ್ರವಣಯಂತ್ರದ ಬಿಡಿಭಾಗ, ಇನ್ಸುಲಿನ್ ಪೆನ್ನಿನೊಳಗಿನ ಸಣ್ಣ ಹಲ್ಲು ಇವೆಲ್ಲ ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ತಯಾರಾಗುತ್ತವೆ. ಇಂತಹ ಭಾಗಗಳಲ್ಲಿ ಕೆಲವು ಸಾಸಿವೆ ಕಾಳಿಗಿಂತಲೂ ಚಿಕ್ಕವು. ಹೊಸೂರಿನ ಕಾರ್ಖಾನೆಗಳಿಗೆ ಹೋಗುವ ನಮ್ಮ ಗಡಿಭಾಗದ ಹುಡುಗರಿಗೆ ಮೋಲ್ಡಿಂಗ್ ಹೊಸ ಮಾತಲ್ಲ. ಆದರೆ ಬಕೆಟ್, ಮುಚ್ಚಳ ಮಾಡುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಉದ್ದ, ಅಗಲ, ಎತ್ತರ ಮೂರೂ 1 ಮಿ.ಮೀ. ಇರುವ ಅಸಿಟಾಲ್ ಭಾಗದ ತೂಕ ಸುಮಾರು 1.4 ಮಿಲಿಗ್ರಾಂ. ಯಂತ್ರಕ್ಕೆ ಸುರಿಯುವ ಪ್ಲಾಸ್ಟಿಕ್ ಕಾಳು ಒಂದೊಂದೂ ಅದರ ಹತ್ತು ಪಟ್ಟಿಗಿಂತ ಹೆಚ್ಚು ತೂಗುತ್ತದೆ. 14 ಮಿ.ಮೀ. ವ್ಯಾಸದ ಸ್ಕ್ರೂ ಸಣ್ಣದೆಂದೇ ಲೆಕ್ಕ. ಅದು 0.01 ಮಿ.ಮೀ. ಹೆಚ್ಚು ಸರಿದರೆ ಒಂದೂವರೆ ಘನ ಮಿ.ಮೀ. ಪ್ಲಾಸ್ಟಿಕ್ ಹೆಚ್ಚಾಗಿ ನುಗ್ಗುತ್ತದೆ. ಭಾಗಕ್ಕಿಂತ ತಪ್ಪೇ ದೊಡ್ಡದು! ಅದಕ್ಕಾಗಿಯೇ ಮೈಕ್ರೋ ಮೋಲ್ಡಿಂಗ್ ಯಂತ್ರಗಳಲ್ಲಿ ಕರಗಿಸುವ ಸ್ಕ್ರೂ ಬೇರೆ, ಅಚ್ಚಿಗೆ ನೂಕುವ ಕೆಲವೇ ಮಿ.ಮೀ. ದಪ್ಪದ ಪ್ಲಂಜರ್ ಬೇರೆ ಇರುವುದುಂಟು.

ಇಡೀ ಶಾಟನ್ನು ತೂಗಿ ಸರಿಯಿದೆ ಎಂದುಬಿಡುವುದು ಸುಲಭ. ಆದರೆ ಆ ತೂಕದ ಬಹುಪಾಲು ರನ್ನರಿನದು. ಒಂದು ಭಾಗ ಅರ್ಧಕ್ಕೇ ತುಂಬಿದ್ದರೂ ಒಟ್ಟು ತೂಕದಲ್ಲಿ ಅದು ಕಾಣುವುದಿಲ್ಲ. ರನ್ನರ್ ಮುರಿದು ತೆಗೆದು, ಅಚ್ಚಿನ ಕ್ಯಾವಿಟಿವಾರು ಭಾಗಗಳನ್ನು ಬೇರೆಬೇರೆಯಾಗಿಯೇ ತೂಗಬೇಕು. ತಕ್ಕಡಿಯ ಮೇಲೆ ಫ್ಯಾನ್ ಗಾಳಿ ಬೀಸಿದರೂ ಅಂಕಿ ಅಲುಗುತ್ತದೆ.

ಇದಕ್ಕಿಂತ ನಂಬಿಕೆಯ ದಾರಿ ಅಚ್ಚಿನೊಳಗಿನ ಒತ್ತಡವನ್ನು ಪ್ರತಿ ಶಾಟ್‌ಗೂ ಅಳೆಯುವುದು. ಒತ್ತಡ ಏರಿಳಿಯುವ ಗೆರೆ ಮಾದರಿ ಗೆರೆಯಿಂದ ಆಚೆ ಹೋದರೆ ಆ ಶಾಟ್ ತಾನಾಗಿಯೇ ಬೇರೆ ಡಬ್ಬಿಗೆ ಬೀಳುವಂತೆ ಮಾಡಬಹುದು. ತೊಡಕೆಂದರೆ, ಸುಮಾರು 1 ಮಿ.ಮೀ. ಸೆನ್ಸರ್‌ಗೂ ಇಂತಹ ಭಾಗದಲ್ಲಿ ಜಾಗವಿರುವುದಿಲ್ಲ. ಆಗ ಅದನ್ನು ರನ್ನರಿನಲ್ಲಿ ಕೂರಿಸುತ್ತಾರೆ. ಅಲ್ಲಿಂದ ಪ್ರತಿ ಕ್ಯಾವಿಟಿಯ ಕಥೆ ತಿಳಿಯದ ಕಾರಣ ಕ್ಯಾಮೆರಾ ತಪಾಸಣೆಯೂ ಜೊತೆಗೆ ಬೇಕು. ಅಸಿಟಾಲ್ ಹೊರಬಂದ ಮೇಲೂ ಕುಗ್ಗುತ್ತಲೇ ಇರುತ್ತದೆ. ಬಿಸಿಯಿರುವಾಗ ಹಿಡಿದ ಅಳತೆಗೆ ಬೆಲೆಯಿಲ್ಲ.

ಕಣ್ಣಿಗೆ ಕಾಣದ ದೋಷವೇ ಹೆಚ್ಚು ಅಪಾಯಕಾರಿ. ಶಾಟ್ ಸಣ್ಣದಾದಷ್ಟೂ ಕರಗಿದ ಪ್ಲಾಸ್ಟಿಕ್ ಬ್ಯಾರೆಲ್‌ನಲ್ಲಿ ಹೆಚ್ಚು ಹೊತ್ತು ಬೆಂದು ಬಲ ಕಳೆದುಕೊಳ್ಳುತ್ತದೆ. ಪಿಬಿಟಿಯಂತಹ ಪ್ಲಾಸ್ಟಿಕ್ಕನ್ನು ಸರಿಯಾಗಿ ಒಣಗಿಸದಿದ್ದರೂ ಹಾಗೆಯೇ. ಅಳತೆ, ತೂಕ ಎರಡೂ ಸರಿ. ಆದರೆ ಹಲ್ಲು ರೋಗಿಯ ಕೈಯಲ್ಲಿ ಮುರಿಯಬಹುದು. ಆದ್ದರಿಂದ ಪ್ರತಿ ಲಾಟ್‌ನಿಂದ ಕೆಲವು ಭಾಗಗಳನ್ನು ಮುರಿದೇ ನೋಡಬೇಕು. ಒಣಗಿಸಿದ ಹೊತ್ತು, ಬ್ಯಾರೆಲ್‌ನ ಶಾಖ, ಯಂತ್ರ ನಿಂತ ವೇಳೆ ಬರೆದಿಟ್ಟಿದ್ದರೆ ರಿಜೆಕ್ಷನ್ ಬಂದಾಗ ತಪ್ಪು ಕಾಳಿನದೋ ಅಚ್ಚಿನದೋ ಹುಡುಕಬಹುದು. ಇಲ್ಲವಾದರೆ ಅದು ಪಾಳಿಯಲ್ಲಿದ್ದ ಆಪರೇಟರನ ತಲೆಗೆ ಬರುತ್ತದೆ.